ಸೂಜಿಗೆ ಕಟ್ಟಿದ ಹಾಡು

ದೊಡ್ಡ ಮನುಷ್ಯರು ಟೀವಿಯಲ್ಲಿ ತೋಳು ಬಿಚ್ಚಿ ಕೂತು ಲಸಿಕೆಯ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದ ದಿನಗಳಲ್ಲಿ ವೆಳ್ಳಾಂಕುಳದವರಷ್ಟು ಸೂಕ್ಷ್ಮ ಪ್ರೇಕ್ಷಕರು ತಮಿಳುನಾಡಿನಲ್ಲೇ ಇರಲಿಲ್ಲ. ಚೆಲ್ಲಯ್ಯನ ಟೀ ಅಂಗಡಿಯ ಟೀವಿಯಲ್ಲಿ ಮಂತ್ರಿಯೊಬ್ಬರ ತೋಳಿಗೆ ಸೂಜಿ ಇಳಿದರೆ, ಬೆಂಚಿನ ಮೇಲೆ ಕೂತವರು ಗ್ಲಾಸು ಕೆಳಗಿಟ್ಟು ಮುಂದಕ್ಕೆ ಬಾಗುತ್ತಿದ್ದರು. ಸೂಜಿ ಚರ್ಮಕ್ಕೆ ತಾಗಲೇ ಇಲ್ಲ ಎಂದು ಒಬ್ಬ. ತಾಗಿತು, ಆದರೆ ಅದು ನಾಟಕದ ಕತ್ತಿಯ ಹಾಗೆ ಒಳಕ್ಕೆ ಸರಿಯುವ ಸೂಜಿ ಎಂದು ಇನ್ನೊಬ್ಬ. ಸೂಜಿ ನಿಜವೇ, ಒಳಗಿರುವುದು ಮಾತ್ರ ಗ್ಲೂಕೋಸ್ ನೀರು, ಅವರಿಗೊಂದು ಬಾಟಲಿ ನಮಗೊಂದು ಬಾಟಲಿ ಎಂದು ಎಲ್ಲ ಬಲ್ಲ ಚೆಲ್ಲಯ್ಯ. ಅದೇ ಟೀವಿಯಲ್ಲಿ ನಾಯಕ ಒಂದೇ ಒದೆಗೆ ಇಪ್ಪತ್ತು ಜನರನ್ನು ತೆಂಗಿನ ಮರದೆತ್ತರಕ್ಕೆ ಹಾರಿಸಿದರೆ ಇದೇ ಬೆಂಚು ಶಿಳ್ಳೆ ಹೊಡೆಯುತ್ತಿತ್ತು. ಸುಳ್ಳನ್ನು ನಂಬುವುದು ಈ ಊರಿಗೆ ಯಾವತ್ತೂ ಕಷ್ಟವಾಗಿಲ್ಲ. ನಿಜ ಎದುರಿಗೆ ಬಂದಾಗ ಮಾತ್ರ ಎಲ್ಲರೂ ಅಕ್ಕಸಾಲಿಗರಾಗಿ ಒರೆಗಲ್ಲು ತೆಗೆಯುತ್ತಾರೆ.

ಮೊದಲನೆಯ ವರ್ಷ ಕಾಯಿಲೆ ಊರನ್ನು ಅಷ್ಟಾಗಿ ಕಾಡಿರಲಿಲ್ಲ, ಆ ಕೊಬ್ಬು ಬೇರೆ ಇತ್ತು. ನಾಲ್ಕಾರು ಮುದುಕರು ಹೋದರು. ಅವರು ಹೇಗೂ ಹೋಗುವವರೇ ಎಂದು ಊರು ತೀರ್ಮಾನ ಮಾಡಿ ಕೈ ತೊಳೆದುಕೊಂಡಿತು.

ಆ ವರ್ಷ ನಿಜವಾಗಿ ಹಾಳಾದವಳು ಇರುಳಾಯಿ. ಅವಳು ಒಪ್ಪಾರಿ ಹಾಡುವವಳು. ಸಾವಿನ ಮನೆಯವರು ಕರೆದು ಕೂಲಿ ಕೊಟ್ಟರೆ, ಹೆಣ ಮಲಗಿಸಿದ ಐಸ್ ಪೆಟ್ಟಿಗೆಯ ಪಕ್ಕ ಕೂತು, ಹೋದವರ ಗುಣಗಳನ್ನು ಅಲ್ಲೇ ಹಾಡು ಕಟ್ಟಿ, ಎದೆ ಬಡಿದುಕೊಂಡು ಅಳುತ್ತ ಹಾಡುವುದು ಅವಳ ಕಸುಬು. ಹೆಂಡತಿಯನ್ನು ದಿನಾ ಹೊಡೆಯುತ್ತಿದ್ದವನು ಸತ್ತರೆ, ಆ ಹೆಂಡತಿಯೇ ಬಿಕ್ಕಿ ಬಿಕ್ಕಿ ಅಳುವ ಹಾಗೆ ಹಾಡಬಲ್ಲವಳು. ಸುತ್ತ ಏಳೂರಿನಲ್ಲಿ ಅವಳು ಬಂದು ಅತ್ತರೇನೇ ಸಾವಿಗೆ ಒಂದು ಮರ್ಯಾದೆ. ಆದರೆ ಕಾಯಿಲೆ ಬಂದ ಮೇಲೆ ಹೆಣಗಳು ಆಸ್ಪತ್ರೆಯಿಂದ ನೇರ ಸುಡುಗಾಡಿಗೆ ಹೋಗತೊಡಗಿದವು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು. ಮನೆಯವರೇ ಮುಖ ನೋಡುವಂತಿಲ್ಲ, ಇನ್ನು ಬಾಡಿಗೆಯವಳನ್ನು ಯಾರು ಕರೆದಾರು? ಸುತ್ತಲ ಊರುಗಳಲ್ಲಿ ಸಾವು ಹೆಚ್ಚಾಯಿತು, ಇರುಳಾಯಿಗೆ ಕೆಲಸ ಇಲ್ಲದೆ ಹೋಯಿತು. ಪಡಿತರದ ಅಕ್ಕಿ ಬೇಯಿಸಿಕೊಂಡು ಒಂದು ವರ್ಷ ದೂಡಿದಳು.

ಅವಳಿಗೆ ಅದರ ದುಃಖ ಅಷ್ಟಿರಲಿಲ್ಲ. ಅವಳ ಜೀವವೆಲ್ಲ ಇದ್ದದ್ದು ಮಗಳು ಸೊರ್ಣಂ ಮೇಲೆ. ಒಬ್ಬಳೇ ಮಗಳು. ಅದೇ ಊರಿನ ಪೇಟೆಬೀದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವ ಸಂಗಿಲಿಗೆ ಕೊಟ್ಟು ಇಪ್ಪತ್ತೈದು ವರ್ಷವಾಗಿತ್ತು. ಸಂಗಿಲಿಯ ತಾಯಿ ಪೇಚ್ಚಿಯಮ್ಮ ಆ ಮನೆಯ ಯಜಮಾನಿ. ಜಾತಿ ಒಂದೇ, ಮೊದಲು ಬಡತನವೂ ಒಂದೇ. ಗಿರಣಿ ಬಂದಮೇಲೆ ಪೇಚ್ಚಿಯಮ್ಮನಿಗೆ ಬೀಗ್ತಿಯ ಕಸುಬು ಕಣ್ಣಿನಲ್ಲಿ ಬಿದ್ದ ಧೂಳಾಯಿತು. ಇರುಳಾಯಿ ಆ ಮನೆಗೆ ಹೋದರೆ ಹಿತ್ತಿಲ ಬಾಗಿಲಿನಿಂದ ಹೋಗಬೇಕು, ಯಾರಾದರೂ ಗಿರಾಕಿ ಬಂದರೆ ಒಳಕ್ಕೆ ಸರಿಯಬೇಕು. ಹೆಣದ ಪಕ್ಕ ಕೂರುವ ಹೆಂಗಸು ಹಿಟ್ಟಿನ ಪಕ್ಕ ನಿಂತರೆ ಯಾರು ಬೀಸಿಸಲು ಬರುತ್ತಾರೆ ಎನ್ನುವುದು ಪೇಚ್ಚಿಯಮ್ಮನ ನ್ಯಾಯ.

ಸೊರ್ಣಂಗೆ ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳಿಗೆ ಆದ ಒಂದು ಗಾಯ ಮಾಯಲು ಆರು ತಿಂಗಳು ಹಿಡಿದಿತ್ತು. ಊರಿನ ಆಸ್ಪತ್ರೆಯ ನರ್ಸು ವಿಜಿಲಾ, ಕನ್ಯಾಕುಮಾರಿ ಕಡೆಯ ಹುಡುಗಿ, ಇರುಳಾಯಿಯನ್ನು ದಾರಿಯಲ್ಲಿ ನಿಲ್ಲಿಸಿ ಹೇಳಿದ್ದಳು: ಸಕ್ಕರೆ ಇರುವವರಿಗೆ ಈ ಕಾಯಿಲೆ ಬಂದರೆ ಕೈಮೀರಿ ಹೋಗುತ್ತದೆ, ಮಗಳಿಗೆ ಮೊದಲು ಸೂಜಿ ಹಾಕಿಸಿ, ಈಗ ನಲವತ್ತೈದು ದಾಟಿದವರಿಗೆಲ್ಲ ಕೊಡುತ್ತಿದ್ದಾರೆ. ಇರುಳಾಯಿ ಅವತ್ತೇ ಹಿತ್ತಿಲ ಬಾಗಿಲಿಗೆ ಹೋಗಿ ಪೇಚ್ಚಿಯಮ್ಮನ ಕೈ ಹಿಡಿದು ಕೇಳಿಕೊಂಡಳು. ಪೇಚ್ಚಿಯಮ್ಮ ಕೈ ಬಿಡಿಸಿಕೊಂಡು ಸೀರೆಯ ಸೆರಗಿಗೆ ಒರೆಸಿದಳು.

"ಹಾಕಿಸೋಣ ಬೀಗ್ತಿ, ಯಾರು ಬೇಡ ಅಂದ್ರು? ಮೊದ್ಲು ನೀವು ಹಾಕಿಸ್ಕೊಳ್ಳಿ. ಅದೂ ಟೀವಿಲಿ, ನಾವೆಲ್ಲ ಕೂತು ನೋಡೋ ಹಾಗೆ. ಬಂದು ಹಾಕಿಸ್ಕೊಂಡೆ ಅಂತ ಬಾಯಲ್ಲಿ ಹೇಳಿದ್ರೆ ಆಗಲ್ಲ. ನಿಮ್ಮ ಬಾಯಿಗೆ ಎಷ್ಟು ಬಾಡಿಗೆ ಅಂತ ಊರಿಗೇ ಗೊತ್ತು."

ಆಗದ ಕೆಲಸ ಎಂದು ಗೊತ್ತಿದ್ದೇ ಪೇಚ್ಚಿಯಮ್ಮ ಹೇಳಿದ್ದು. ಟೀವಿಯಲ್ಲಿ ತೋಳು ತೋರಿಸುವುದೆಂದರೆ ಅದು ಮಂತ್ರಿಗಳ, ನಟಿಯರ ಕೆಲಸ. ಕೂಲಿಗೆ ಅಳುವ ಮುದುಕಿಯದಲ್ಲ. ಇರುಳಾಯಿ ತಲೆಯಾಡಿಸಿ ಬಂದಳು. ಒಳಗೆ ಒಲೆಯ ಮುಂದೆ ಕೂತಿದ್ದ ಸೊರ್ಣಂ ತಲೆ ಎತ್ತಲಿಲ್ಲ.

ಆದರೆ ಒಂದೊಂದು ಸಲ ದೇವರು ಕೇಳಿದ್ದನ್ನೇ ಕೊಟ್ಟು ಸಾಯಿಸುತ್ತಾನೆ. ಬಿಸಿಲು ಏರುವ ಪಂಗುನಿ ತಿಂಗಳಲ್ಲಿ ಊರಿನ ಶಾಲೆಯಲ್ಲಿ ಸೂಜಿಯ ಕ್ಯಾಂಪು ಹಾಕಿದರೆ ಒಂದು ನಾಯಿಯೂ ಅತ್ತ ಸುಳಿಯಲಿಲ್ಲ. ಚೆನ್ನೈಯಿಂದ ಹೊಸದಾಗಿ ಬಂದಿದ್ದ ವೈದ್ಯಾಧಿಕಾರಿ ಯೋಚಿಸಿದರು: ದೊಡ್ಡವರನ್ನು ತೋರಿಸಿದರೆ ಜನ ನಂಬುತ್ತಿಲ್ಲ, ಇವರದೇ ಒಂದು ಮುಖವನ್ನು ತೋರಿಸೋಣ. ಊರಿನ ಕೇಬಲ್ ಚಾನಲ್ಲಿನ ಕದಿರ್ ಎಂಬವನನ್ನು ಕರೆದು, ನೇರ ಪ್ರಸಾರ ಮಾಡು, ಮುಖ ಹುಡುಕಿಕೊಂಡು ಬಾ ಎಂದರು. ಕದಿರ್ ನಿವೃತ್ತ ಹೆಡ್‌ಮಾಸ್ಟರರ ಮನೆಗೆ ಹೋದ, ಅವರಿಗೆ ಅವತ್ತೇ ನೆಗಡಿ ಶುರುವಾಯಿತು. ಕೌನ್ಸಿಲರ್ ತಿರುಚೆಂದೂರಿಗೆ ಹರಕೆ ತೀರಿಸಲು ಹೋದರು. ಸಿಲಂಬದ ಕೋಲು ತಿರುಗಿಸುವ ಪೈಲ್ವಾನ ಒಬ್ಬನಿದ್ದ, ಕತ್ತಿಗೆ ಹೆದರದವನು, ಸೂಜಿ ಎಂದ ಕೂಡಲೇ ಅವನ ಹೆಂಡತಿ ಅಡ್ಡ ಬಂದಳು. ಕೊನೆಗೆ ಕದಿರ್‌ಗೆ ಇರುಳಾಯಿಯ ನೆನಪಾಯಿತು. ಹಳೆಯ ಪಂಚಾಯಿತಿ ಅಧ್ಯಕ್ಷರು ಸತ್ತಾಗ ಅವಳ ಒಪ್ಪಾರಿಯನ್ನು ಅವನೇ ದಿನವಿಡೀ ಪ್ರಸಾರ ಮಾಡಿದ್ದ, ಅವಳ ಮುಖ ಗೊತ್ತಿಲ್ಲದ ಮನೆ ಇರಲಿಲ್ಲ.

ಅವನು ಮಾತು ಮುಗಿಸುವ ಮೊದಲೇ ಇರುಳಾಯಿ ಒಪ್ಪಿಕೊಂಡಳು. ಏನು ಕೊಡಬೇಕು ಎಂದು ಕೇಳಿದ್ದಕ್ಕೆ, ಏನೂ ಬೇಡಪ್ಪ, ಪೇಟೆಬೀದಿಯ ಟೀವಿಗಳಲ್ಲಿ ಚೆನ್ನಾಗಿ ಕಾಣೋ ಹಾಗೆ ಮಾಡು ಅಂದಳು. ಅವಳು ಏನೂ ತೆಗೆದುಕೊಳ್ಳಲಿಲ್ಲ ಎನ್ನುವುದನ್ನು ಆಮೇಲೆ ಕದಿರ್ ಎಷ್ಟು ಜನರಿಗೆ ಹೇಳಿದರೂ ಒಬ್ಬನೂ ನಂಬಲಿಲ್ಲ. ಇರುಳಾಯಿ ಬಿಟ್ಟಿಯಾಗಿ ಬಾಯಿ ತೆರೆದದ್ದನ್ನು ಯಾರು ಕಂಡಿದ್ದಾರೆ?

ಕದಿರ್‌ಗೆ ಒಂದೇ ಚಿಂತೆ. ಮುದುಕಿ ಸುಮ್ಮನೆ ಕುಕ್ಕರಿಸಿ ಕೂತರೆ ನೋಡುವವರು ಚಾನಲ್ ಬದಲಾಯಿಸುತ್ತಾರೆ. ಅದಕ್ಕೆ, ಸೂಜಿಯ ಮೇಲೆ ನಾಲ್ಕು ಸಾಲು ಕಟ್ಟಿ ಹಾಡಿ ಅಜ್ಜಿ ಎಂದ. ಇರುಳಾಯಿಗೆ ಮೈ ಜುಮ್ಮೆಂದಿತು. ಜೀವನವೆಲ್ಲ ಸತ್ತವರಿಗೆ ಹಾಡಿದ್ದಳು, ಬದುಕಿರುವವರಿಗೆ ಹಾಡು ಎಂದು ಯಾರೂ ಕೇಳಿರಲಿಲ್ಲ. ಮೂರು ದಿನ ನೀರು ಹಿಡಿಯುವಾಗ, ಸೌದೆ ಮುರಿಯುವಾಗ, ಅಕ್ಕಿ ಕೇರುವಾಗ ಸಾಲು ಕಟ್ಟಿದಳು. ಒಂದೊಂದು ಸಾಲು ಕಟ್ಟುವಾಗಲೂ ಅವಳ ಕಣ್ಣ ಮುಂದೆ ಇದ್ದದ್ದು ಸೊರ್ಣಂ.

*ಬಾರೆ ನನ್ನ ಹೆತ್ತ ಚಿನ್ನವೇ, ತೋಳು ಚಾಚೆ ನನ್ನ ಕಣ್ಣೇ,*
*ಸಣ್ಣ ಸೂಜಿ ಕಾಯುತದೆ ನೂರು ವರುಷ ನಿನ್ನ, ಕಣ್ಣೇ,*
*ಮೊಮ್ಮಕ್ಕಳ ಮದುವೆ ಮಾಡಿ, ಹಲ್ಲು ಉದುರಿ ನಕ್ಕು ನೀನು*
*ನನ್ನ ಮೇಲೆ ಮಣ್ಣು ಹಾಕೆ, ನಿನ್ನ ಮುಂದೆ ಹೋಗ್ಲಿ ನಾನು.*

ಮಾತಿನಲ್ಲಿ ತಪ್ಪು ಹುಡುಕಿದರೆ ಸಿಗದು. ತಾಯಿಯೊಬ್ಬಳು ಇದಕ್ಕಿಂತ ಒಳ್ಳೆಯದನ್ನು ಹೇಳಲಾರಳು. ಆದರೆ ರಾಗ? ರಾಗದ ಬಗ್ಗೆ ಇರುಳಾಯಿ ಯೋಚಿಸಲೇ ಇಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ ರಾಗ. ಮನೆಯಲ್ಲಿ ಇರುವುದು ಒಂದೇ ಪಾತ್ರೆಯಾದರೆ ಗಂಜಿಯೂ ಅದರಲ್ಲೇ ಪಾಯಸವೂ ಅದರಲ್ಲೇ.

ಪ್ರಸಾರದ ದಿನ ಪೇಟೆಬೀದಿಯಲ್ಲಿ ಟೀವಿ ಹಾಕದ ಮನೆ ಇರಲಿಲ್ಲ. ಸಂಗಿಲಿ ಗಿರಣಿ ನಿಲ್ಲಿಸಿ ಟೀವಿಯನ್ನು ಜಗುಲಿಗೆ ತಂದಿಟ್ಟಿದ್ದ. ಶಾಲೆಯ ಕೋಣೆಯಲ್ಲಿ ಇರುಳಾಯಿ ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಕುರ್ಚಿಯ ತುದಿಯಲ್ಲಿ ಕೂತಳು. ವೈದ್ಯಾಧಿಕಾರಿ ಬಂದು, ಮಾಸ್ಕ್ ತೆಗೆಯಬಾರದು, ಜನರಿಗೆ ಅದನ್ನೂ ಕಲಿಸಬೇಕು ಎಂದು ತಾವೇ ಅವಳ ಮೂಗು ಬಾಯಿ ಮುಚ್ಚುವ ಹಾಗೆ ಎಳೆದು ಕಟ್ಟಿದರು. ಕದಿರ್ ಕೈ ಎತ್ತಿದ. ವಿಜಿಲಾ ತೋಳು ಒರೆಸಿ ಸೂಜಿ ಇಳಿಸಿದಳು. ಇರುಳಾಯಿ ಹಾಡಿದಳು.

ಮಾಸ್ಕಿನ ದಪ್ಪ ಬಟ್ಟೆ ಅವಳ ಮಾತನ್ನೆಲ್ಲ ನುಂಗಿ, ರಾಗವನ್ನು ಮಾತ್ರ ಹೊರಗೆ ಬಿಟ್ಟಿತು. ರಾಗ ಏರಿತು, ತುದಿಯಲ್ಲಿ ನಡುಗಿತು, ಐಸ್ ಪೆಟ್ಟಿಗೆಯ ಪಕ್ಕ ಹೇಗೆ ಮುರಿದು ಬೀಳುತ್ತಿತ್ತೋ ಹಾಗೆಯೇ ಬಿತ್ತು. ನಲವತ್ತು ವರ್ಷದಲ್ಲಿ ಆ ರಾಗದ ಜೊತೆ ಕಣ್ಣೀರು ಬರದ ದಿನ ಇರಲಿಲ್ಲ, ಅವತ್ತೂ ಬಂತು, ಮಾಸ್ಕನ್ನು ನೆನೆಸಿತು. ಸೂಜಿ ಇಲ್ಲದ ಕೈ ಅವಳಿಗೇ ತಿಳಿಯದೆ ಎದ್ದು ತಾಳಕ್ಕೆ ಸರಿಯಾಗಿ ಎದೆ ಬಡಿಯಿತು. ವೈದ್ಯಾಧಿಕಾರಿಗೆ ಆ ಕಡೆಯ ಪದ್ಧತಿ ಗೊತ್ತಿಲ್ಲ, ಏನೋ ಜಾನಪದ ಎಂದುಕೊಂಡು ಚಪ್ಪಾಳೆ ತಟ್ಟಿದರು. ಕದಿರ್‌ನ ಮುಖ ಮಾತ್ರ ಬೂದಿಯಾಗಿತ್ತು. ಆದರೆ ನೇರ ಪ್ರಸಾರ, ನಿಲ್ಲಿಸುವಂತಿಲ್ಲ.

ವೆಳ್ಳಾಂಕುಳದ ಮನೆಮನೆಯಲ್ಲೂ ಜನ ಕಂಡದ್ದು ಇಷ್ಟು: ಬಾಯಿ ಕಟ್ಟಿದ ಒಬ್ಬ ಹೆಂಗಸಿನ ತೋಳಿಗೆ ಸೂಜಿ ಇಳಿಯುತ್ತಿದೆ, ಅವಳು ತನ್ನ ಸಾವಿಗೆ ತಾನೇ ಒಪ್ಪಾರಿ ಹಾಡಿಕೊಂಡು ಎದೆ ಬಡಿದುಕೊಳ್ಳುತ್ತಿದ್ದಾಳೆ. ಕೆಲವರ ಮನೆಯಲ್ಲಿ ಮುದುಕಿಯರು ಅಭ್ಯಾಸಬಲದಿಂದ ತಾವೂ ಅತ್ತರು. ಚೆಲ್ಲಯ್ಯ ಟೀವಿ ಆರಿಸಿ ಕರ್ಪೂರ ಹಚ್ಚಿದ. ಮಂತ್ರಿಗಳ ಸೂಜಿ ಸುಳ್ಳು ಎನ್ನುತ್ತಿದ್ದ ಬೆಂಚಿನಲ್ಲಿ ಈ ಸೂಜಿ ನಿಜ ಎನ್ನುವುದರ ಬಗ್ಗೆ ಯಾರಿಗೂ ಅನುಮಾನ ಉಳಿಯಲಿಲ್ಲ.

ಇರುಳಾಯಿ ಮಾತ್ರ ಖುಷಿಯಲ್ಲಿ ಹೊರಗೆ ಬಂದಳು. ಹಾಡು ಚೆನ್ನಾಗಿ ಬಂತು ಎನ್ನುವುದು ಹಾಡುವವರಿಗೆ ಒಳಗೇ ಗೊತ್ತಾಗುತ್ತದಲ್ಲ, ಆ ಖುಷಿ. ದಾರಿಯಲ್ಲಿ ಹೂವಿನವಳು ಅವಳನ್ನು ನೋಡಿ ಅಯ್ಯೋ ಪಾಪ ಎಂದು ಕಣ್ಣೊರೆಸಿಕೊಂಡಳು. ಐಸ್ ಪೆಟ್ಟಿಗೆ ಬಾಡಿಗೆಗೆ ಕೊಡುವ ಮಾಯಾಂಡಿ ತನ್ನ ಅಂಗಡಿಯಿಂದಲೇ ಕೂಗಿ, ನಿಮಗೆ ಬಾಡಿಗೆ ಬೇಡ ಅಕ್ಕ, ನನ್ನ ಕಡೆಯಿಂದ ಇರಲಿ, ಇಷ್ಟು ವರ್ಷದ ಪರಿಚಯ ಅಂದ. ಹುಡುಗರು ಅವಳ ಹಿಂದೆ ಹಿಂದೆ ಎದೆ ಬಡಿದುಕೊಂಡು ಬಂದರು. ಆಗ ಅವಳಿಗೆ ಹೊಳೆಯಿತು, ತಾನು ಯಾವ ಪಾತ್ರೆಯಲ್ಲಿ ಬಡಿಸಿದ್ದೇನೆ ಎಂದು. ಬೀದಿಯ ನಡುವೆ ನಿಂತು ಲೈಟು ಕಂಬ ಹಿಡಿದುಕೊಂಡಳು. ಅದನ್ನು ನೋಡಿದವರು, ಶುರುವಾಯಿತು, ಔಷಧಿ ಏರುತ್ತಿದೆ ಅಂದರು.

ಆ ರಾತ್ರಿ ಅವಳಿಗೆ ಜ್ವರ ಬಂತು, ಬೆಳಿಗ್ಗೆ ಬಿಟ್ಟಿತು. ಸೂಜಿ ಹಾಕಿಸಿಕೊಂಡವರಿಗೆ ಅಷ್ಟು ಬರುತ್ತದೆ ಎಂದು ವಿಜಿಲಾ ಮೊದಲೇ ಹೇಳಿದ್ದಳು. ಆದರೆ ಅಕ್ಕಪಕ್ಕದವರು ಕಿಟಕಿಯಲ್ಲಿ ಇಣುಕಿ ನೋಡಿ, ಕಂಬಳಿ ಹೊದ್ದು ಮಲಗಿದ್ದಾಳೆ ಎಂದು ಸುದ್ದಿ ಒಯ್ದರು. ಮಾರನೆಯ ದಿನ ಅವಳು ಎದ್ದು ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತದ್ದು ಜನಕ್ಕೆ ನಿಜಕ್ಕೂ ನಿರಾಸೆ ಮಾಡಿತು. ಸಾಯದಿದ್ದರೆ ಅದಕ್ಕೂ ಕಾರಣ ಬೇಕಲ್ಲ: ಯಮನಿಗೆ ಇಷ್ಟು ವರ್ಷ ಕೂಲಿ ಮಾಡಿದವಳನ್ನು ಅವನು ಬೇಗ ಮುಟ್ಟುವುದಿಲ್ಲ, ಬೇರೆಯವರ ಕಥೆ ಹಾಗಲ್ಲ ಎಂದು ಚೆಲ್ಲಯ್ಯ ವಿವರಿಸಿದ. ಶಾಲೆಯ ಕ್ಯಾಂಪಿನಲ್ಲಿ ವಿಜಿಲಾ ಒಬ್ಬಳೇ ಸಂಜೆಯವರೆಗೆ ಕೂತು ನೊಣ ಹೊಡೆದು ಹೋದಳು.

ಇರುಳಾಯಿ ಪೇಟೆಬೀದಿಗೆ ಓಡಿದಳು. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು. ಮುಂಬಾಗಿಲಿನ ಗೇಟಿಗೆ ಬಂದು ನಿಂತು ಕೂಗಿದಳು. ಪೇಚ್ಚಿಯಮ್ಮ ಜಗುಲಿಯ ಮೇಲೆ ಕಾಲು ಚಾಚಿ ಕೂತು ಹುಣಸೆ ಬೀಜ ಬಿಡಿಸುತ್ತಿದ್ದಳು. ನೀವು ಹೇಳಿದ ಹಾಗೇ ಟೀವಿಯಲ್ಲಿ ಹಾಕಿಸಿಕೊಂಡೆ, ನೋಡಿ ಕಲ್ಲಿನ ಹಾಗೆ ನಿಂತಿದ್ದೀನಿ, ಇನ್ನು ಮಗಳನ್ನು ಕಳಿಸಿ ಎಂದು ಇರುಳಾಯಿ ಕೈ ಮುಗಿದಳು. ರಾಗ ನನ್ನ ತಪ್ಪು, ಮಾತು ಕೇಳಿಸಿಕೊಳ್ಳಿ, ಅದು ಬದುಕೋ ಹಾಡು ಎಂದು ಅಲ್ಲೇ ಗೇಟಿನ ಆಚೆ ನಿಂತು ಮಾತನ್ನು ಒಂದೊಂದಾಗಿ ಒಪ್ಪಿಸಿದಳು, ರಾಗವಿಲ್ಲದೆ, ಶಾಲೆ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ.

"ಮಾತು ಯಾರಿಗೆ ಬೇಕು ಬೀಗ್ತಿ?" ಅಂದಳು ಪೇಚ್ಚಿಯಮ್ಮ. "ನಮ್ಮತ್ತೆ ಸತ್ತಾಗ ನೀವು ಹಾಡಿದ್ರಿ, ಅವರು ಸಾಕ್ಷಾತ್ ಮಹಾಲಕ್ಷ್ಮಿ ಅಂತ. ಆ ಮುದುಕಿ ನನ್ನ ಬೆನ್ನ ಮೇಲೆ ಬರೆ ಹಾಕಿದೋಳು. ನಿಮ್ಮ ಮಾತಿನ ಬೆಲೆ ನಂಗೆ ಅವತ್ತೇ ಗೊತ್ತಾಯ್ತು. ನಿಮ್ಮ ಅಳು ಬರೀ ಸುಳ್ಳು ಅಂತ್ಲೂ ನಾನು ಅನ್ನಲ್ಲ. ನಿಮ್ಮ ರಾಗ ಕೇಳಿದ ಮನೇಲಿ ಹೆಣ ಇದ್ದೇ ಇರುತ್ತೆ."

ಇರುಳಾಯಿ ಮಗಳನ್ನು ಕರೆದಳು. ಸೊರ್ಣಂ ಬಂದು ಬಾಗಿಲಲ್ಲಿ ನಿಂತಳು, ಅತ್ತೆಗೆ ಹೆದರಿ ಅಲ್ಲ, ಹೊಸ್ತಿಲು ದಾಟುವ ಮನಸ್ಸು ಅವಳಿಗೇ ಇರಲಿಲ್ಲ. ಇರುಳಾಯಿ ಗೇಟಿನ ಸರಳು ಹಿಡಿದು ಅತ್ತಳು. ನನಗೆ ಇರೋದು ನೀನೊಬ್ಬಳೇ, ನಿನಗೆ ಸಕ್ಕರೆ ಇದೆ, ನಾಳೆ ನನ್ನ ಜೊತೆ ಬಾ, ನಿನ್ನ ಕಾಲಿಗೆ ಬೀಳ್ತೀನಿ ಅಂದಳು. ಸೊರ್ಣಂ ಮುಖದಲ್ಲಿ ಸಿಟ್ಟು ಇರಲಿಲ್ಲ, ಹಳೆಯ ಒಂದು ಆಯಾಸ ಇತ್ತು.

"ಅಮ್ಮ, ಚಿಕ್ಕೋಳಿದ್ದಾಗ ನನ್ನನ್ನ ಸಾವಿನ ಮನೆಗೆಲ್ಲ ಕರ್ಕೊಂಡು ಹೋಗ್ತಿದ್ದೆ," ಅಂದಳು. "ನಿನ್ನ ಮಡಿಲಲ್ಲೇ ಕೂತಿರ್ತಿದ್ದೆ. ನೀನು ಹೀಗೇ ಅಳ್ತಿದ್ದೆ. ಹೀಗೇ ಕೈ ಮುಗಿತಿದ್ದೆ. ಮಧ್ಯದಲ್ಲಿ ನನ್ನ ಕಿವೀಲಿ, ಹೋಗಿ ಎಲೆ ಅಡಿಕೆ ಇಸ್ಕೊಂಡು ಬಾ ಅಂತ ಹೇಳಿ, ಮತ್ತೆ ಅಳ್ತಿದ್ದೆ. ಈಗ ಯಾವ್ದು ನಿಜ ಅಂತ ನಾನು ಹೇಗೆ ನಂಬ್ಲಿ?"

ಮಗಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇದು ನಿಜ, ಇದು ನಿಜ ಎಂದು ಹೇಳಲು ಇರುಳಾಯಿಯ ಹತ್ತಿರ ಕಣ್ಣೀರು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ, ಆ ಸಾಕ್ಷಿಯನ್ನು ಅವಳು ನಲವತ್ತು ವರ್ಷ ಊರೂರಿಗೆ ಮಾರಿದ್ದಳು. ಕಣ್ಣೊರೆಸಿಕೊಂಡು, ಅಳದೆ ಒಂದು ಸಲ ಹೇಳಿ ನೋಡಿದಳು. ಅಳದೆ ಹೇಳಿದರೆ ಅದು ಇನ್ನೂ ಸುಳ್ಳಾಗಿ ಕೇಳಿಸಿತು. ಸೊರ್ಣಂ ಒಳಗೆ ಹೋದಳು. ಪೇಚ್ಚಿಯಮ್ಮ ಹುಣಸೆ ಬೀಜವನ್ನು ಬೀದಿಗೆ ಎಸೆದಳು.

ಆಮೇಲೆ ಇರುಳಾಯಿ ದಿನಾ ಹೋದಳು. ಗೇಟಿನ ಎದುರಿನ ಬೇವಿನ ಮರದ ಕೆಳಗೆ ಕೂತು, ಸೊರ್ಣಂ ಹೊರಗೆ ಬಂದಾಗ ತೋಳು ಎತ್ತಿ ಸೂಜಿ ಹಾಕಿಸಿಕೊಂಡ ಜಾಗ ತೋರಿಸುವಳು. ಮಾತಾಡುತ್ತಿರಲಿಲ್ಲ. ಮಾತು, ಅಳು, ಹಾಡು ಮೂರೂ ಕೆಟ್ಟುಹೋದ ಮೇಲೆ ತೋಳೊಂದೇ ಉಳಿದಿತ್ತು. ಗಿರಣಿಗೆ ಬರುವವರು ಇವಳನ್ನು ನೋಡಿ ರಸ್ತೆಯ ಆ ಬದಿಗೆ ದಾಟಿಕೊಂಡು ಹೋಗತೊಡಗಿದಾಗ ಸಂಗಿಲಿ ಬಂದು, ಅತ್ತೆ, ವ್ಯಾಪಾರ ಹಾಳಾಗ್ತಿದೆ, ದಯವಿಟ್ಟು ಹೋಗಿ ಎಂದ. ಅವನು ಕೆಟ್ಟವನಲ್ಲ. ಅವನಿಗೆ ಧೈರ್ಯ ಇರಲಿಲ್ಲ ಅಷ್ಟೇ, ಈ ಲೋಕದಲ್ಲಿ ಕೆಟ್ಟವರಿಗಿಂತ ಅಂಥವರಿಂದಲೇ ಹೆಚ್ಚು ಜನ ಸಾಯುವುದು.

ಮರುತಿಂಗಳು ಚಿತ್ತಿರೈ ಮುಗಿಯುವ ಹೊತ್ತಿಗೆ ಕಾಯಿಲೆ ಎರಡನೆಯ ಸಲ ಬಂತು, ಈ ಸಲ ಊರಿನ ನಡುಮನೆಗೇ ಬಂತು. ಹಿಟ್ಟಿನ ಗಿರಣಿ ಅಂದರೆ ಊರೆಲ್ಲ ಉಸಿರಾಡುವ ಜಾಗ. ಮೊದಲು ಸಂಗಿಲಿಗೆ ಜ್ವರ, ಆಮೇಲೆ ಪೇಚ್ಚಿಯಮ್ಮನಿಗೆ ಕೆಮ್ಮು, ಇಬ್ಬರೂ ಕಷಾಯ ಕುಡಿದು ಎದ್ದು ಕೂತರು. ಸೊರ್ಣಂ ಏಳಲಿಲ್ಲ. ಉಸಿರು ಹಿಡಿದಾಗ ಮಧುರೆಯ ಆಸ್ಪತ್ರೆಗೆ ಸಾಗಿಸಿದರು, ಅಲ್ಲಿ ಅಂಗಳದಲ್ಲೇ ಅರ್ಧ ದಿನ ಹಾಸಿಗೆಗೆ ಕಾದರು. ಇರುಳಾಯಿಗೆ ಇದನ್ನು ಹೇಳಿದವಳು ವಿಜಿಲಾ. ಕೇಳಿದ ಕೂಡಲೇ ಇರುಳಾಯಿ ಬಸ್ಸಿಲ್ಲದ ರಸ್ತೆಯಲ್ಲಿ ಹಾಲಿನ ವ್ಯಾನು ಹತ್ತಿ ಮಧುರೆಗೆ ಹೋದಳು. ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು ಒಳಗೆ ಬಿಡಲಿಲ್ಲ. ಮಗಳು ಒಳಗಿದ್ದಾಳೆ ಎಂದು ಅತ್ತಳು. ಎಲ್ಲರೂ ಹೀಗೇ ಅಳ್ತಾರಮ್ಮ ಎಂದ ಅವನು, ಗದರದೆ, ಬೇಸರದಿಂದ. ಅವಳು ಗೋಡೆಗೆ ಒರಗಿ ಎರಡು ದಿನ ಕಾದು, ದೊಡ್ಡ ಬಿಳಿ ವ್ಯಾನುಗಳು ಹೊರಗೆ ಹೋಗುವುದನ್ನು ನೋಡಿ ವಾಪಸು ಬಂದಳು.

ಅವಳು ನೋಡಿದ ವ್ಯಾನುಗಳಲ್ಲಿ ಒಂದರಲ್ಲಿ ಸೊರ್ಣಂ ಇದ್ದಳು. ಅದು ಅವಳಿಗೆ ಗೊತ್ತಾದದ್ದು ಊರಿಗೆ ಬಂದ ಮೇಲೆ. ಗಿರಣಿಯ ಆಳು ಮನೆಯ ಬಾಗಿಲಿಗೆ ಬಂದು ದೂರದಲ್ಲೇ ನಿಂತ. ಸಾವಿನ ಸುದ್ದಿ ಹೊತ್ತವರು ಬಂದು ನಿಲ್ಲುವ ರೀತಿ ಇರುಳಾಯಿಗೆ ಹೊಸದಲ್ಲ; ಅವರು ಬಂದು, ಹಾಡಲು ಬನ್ನಿ ಎನ್ನುತ್ತಾರೆ. ಇವನು, ಅಕ್ಕ ಹೋಗ್ಬಿಟ್ರು, ಅಲ್ಲೇ ಸುಟ್ಟಾಯ್ತು, ನೀವು ಮನೆಗೆ ಬರೋದು ಬೇಡ ಅಂತ ದೊಡ್ಡಮ್ಮ ಹೇಳಿದ್ರು ಎಂದು ಹೇಳಿ ಹೋದ.

ಸುದ್ದಿ ತಿಳಿದ ಓಣಿಯ ಹೆಂಗಸರು ಇರುಳಾಯಿಯ ಗೋಡೆಯ ಪಕ್ಕ ಬಂದು ನಿಂತರು. ಬಾಡಿಗೆಗೆ ಅಷ್ಟು ಚೆಂದ ಹಾಡುವವಳು ಹೆತ್ತ ಮಗಳಿಗೆ ಇನ್ನೆಷ್ಟು ಚೆಂದ ಹಾಡಿಯಾಳು ಎಂಬ ಆಸೆ ಅವರಿಗೆ. ಒಬ್ಬಳು ಫೋನು ಎತ್ತಿ ಹಿಡಿದಿದ್ದಳು. ಒಳಗಿನಿಂದ ಬಂದದ್ದು ಹಾಡಲ್ಲ. ಕಸದ ಲಾರಿಯ ಕೆಳಗೆ ಸಿಕ್ಕ ನಾಯಿ ನರಳುವ ಹಾಗೆ ಒಂದು ಸದ್ದು, ತಾಳವಿಲ್ಲ, ಮಾತಿಲ್ಲ, ಏರಿಳಿತ ಇಲ್ಲ, ನಿಂತು ನಿಂತು ಬಂತು. ಸ್ವಲ್ಪ ಹೊತ್ತು ಕಾದು ನೋಡಿ ಅವರು ಹೊರಟುಹೋದರು. ಕಾಸು ಕೊಟ್ಟಿದ್ದರೆ ಹಾಡುತ್ತಿದ್ದಳು ಎಂದಳು ಒಬ್ಬಳು.

ಟೀವಿಗೆ ಆಗದ ಕೆಲಸವನ್ನು ಸುಡುಗಾಡು ಮಾಡಿತು. ಸೊರ್ಣಂ ಆದಮೇಲೆ ಹೆಡ್‌ಮಾಸ್ಟರರು, ಆಮೇಲೆ ಪೈಲ್ವಾನ, ಆಮೇಲೆ ಚೆಲ್ಲಯ್ಯನ ತಮ್ಮ. ಮೂರು ತಿಂಗಳು ಕಳೆದು ಆಡಿ ಬರುವ ಹೊತ್ತಿಗೆ ಶಾಲೆಯ ಕ್ಯಾಂಪಿನ ಮುಂದೆ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ತಮ್ಮ ಬಾಟಲಿ ಮುಗಿದುಬಿಟ್ಟರೆ ಎಂದು ವಿಜಿಲಾಳ ಮೇಲೆ ಕೂಗಾಡುತ್ತಿದ್ದರು, ಮೊದಲೇ ಯಾಕೆ ಗಟ್ಟಿಯಾಗಿ ಹೇಳಲಿಲ್ಲ ಎಂದು ಅವಳನ್ನೇ ಬಯ್ಯುತ್ತಿದ್ದರು. ಇರುಳಾಯಿಗೆ ಎರಡನೆಯ ಸೂಜಿಗೆ ಬಾ ಎಂದು ಹೇಳಿಕಳಿಸಿದ್ದಳು ವಿಜಿಲಾ. ಯಾಕೆ ಹೋದಳೋ ಅವಳಿಗೇ ಗೊತ್ತಿಲ್ಲ. ಕರೆದಲ್ಲಿಗೆ ಹೋಗುವುದು ಅಭ್ಯಾಸ.

ಎರಡನೆಯ ಸೂಜಿಯವರ ಸಾಲಿನಲ್ಲಿ ಇವಳೊಬ್ಬಳೇ. ಮೊದಲನೆಯ ಸಾಲಿನ ತಲೆಯಲ್ಲಿ ಪೇಚ್ಚಿಯಮ್ಮ ನಿಂತಿದ್ದಳು, ಬೆಳಗಿನ ಜಾವವೇ ಆಳನ್ನು ಕಳಿಸಿ ಜಾಗ ಹಿಡಿಸಿದ್ದಳು. ಇರುಳಾಯಿಯನ್ನು ಕಂಡ ಕೂಡಲೇ ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಸಾಲಿಗೆಲ್ಲ ಕೇಳಿಸುವ ಹಾಗೆ ಹೇಳಿದಳು.

"ಹೆತ್ತ ತಾಯಿ ಒಂದು ಮಾತು ಗಟ್ಟಿಯಾಗಿ ಹೇಳಿದ್ರೆ ನನ್ನ ಸೊಸೆ ಇವತ್ತು ಇರ್ತಿದ್ಲು. ಜುಟ್ಟು ಹಿಡಿದು ಎಳ್ಕೊಂಡು ಬರೋದಲ್ವಾ ತಾಯಿ ಅಂದ್ರೆ? ಊರ ಹೆಣಕ್ಕೆಲ್ಲ ಎದೆ ಬಡ್ಕೊಂಡ್ಳು, ಮಗಳಿಗೋಸ್ಕರ ಒಂದು ದಿನ ಬಂದು ನಮ್ಮ ಬಾಗಿಲು ಬಡೀಲಿಲ್ಲ."

ಸಾಲಿನಲ್ಲಿದ್ದವರು ಹೌದು ಹೌದು ಎಂದು ತಲೆಯಾಡಿಸಿದರು. ಅವರಲ್ಲಿ ಅರ್ಧ ಜನ ಬೇವಿನ ಮರದ ಕೆಳಗೆ ತೋಳು ಎತ್ತಿ ಕೂತ ಇರುಳಾಯಿಯನ್ನು ಕಂಡು ರಸ್ತೆ ದಾಟಿದವರೇ. ಸಂಗಿಲಿ ನೆಲ ನೋಡುತ್ತ ನಿಂತಿದ್ದ. ಇರುಳಾಯಿಗೆ ಒಳಗೆ ಸಿಟ್ಟು ಕುದಿಯುತ್ತಿತ್ತು, ಈ ಮುದುಕಿಯ ಕುತ್ತಿಗೆಗೆ ಕೈ ಹಾಕಬೇಕು ಎನ್ನುವಷ್ಟು. ಆದರೆ ಬಾಯಿ ತೆರೆದರೆ ಏನು ಹೊರಗೆ ಬಂದೀತು ಎಂದು ಅವಳಿಗೇ ಹೆದರಿಕೆ.

ಬಾಗಿಲು ತೆರೆಯಿತು. ಇಬ್ಬರನ್ನೂ ಒಟ್ಟಿಗೆ ಒಳಗೆ ಕರೆದರು. ಪಕ್ಕಪಕ್ಕದ ಎರಡು ಕುರ್ಚಿ. ವಿಜಿಲಾ ಸಿರಿಂಜಿಗೆ ಔಷಧಿ ಎಳೆಯುವುದನ್ನು ಕಂಡು ಪೇಚ್ಚಿಯಮ್ಮ ಸೆರಗನ್ನು ತೋಳಿನ ಮೇಲೆ ಎಳೆದುಕೊಂಡಳು. ಹೊರಗಿನ ಗಂಟಲೆಲ್ಲ ಎಲ್ಲಿ ಹೋಯಿತೋ. ಕುರ್ಚಿಯಿಂದ ಅರ್ಧ ಎದ್ದಳು, ಬಾಗಿಲ ಕಡೆ ನೋಡಿದಳು, ಮತ್ತೆ ಕೂತಳು. ಆಮೇಲೆ ಪಕ್ಕಕ್ಕೆ ಬಾಗಿ, ಇರುಳಾಯಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಪಿಸುಗುಟ್ಟಿದಳು.

"ಬೀಗ್ತಿ, ನಿಜ ಹೇಳಿ. ನಂಗೂ ಸಕ್ಕರೆ ಇದೆ. ಏನಾದ್ರೂ ಆಗುತ್ತಾ?"

ಇರುಳಾಯಿ ಆ ಮುಖವನ್ನು ನೋಡಿದಳು. ಒಂದು ಮಾತೂ ಬೇಕಿರಲಿಲ್ಲ. ಬಾಯಿ ಮುಚ್ಚಿ, ಆ ರಾಗವನ್ನು ಮೂಗಿನಲ್ಲಿ ಅರ್ಧ ಸಾಲು ಗುನುಗಿದ್ದರೆ ಸಾಕಿತ್ತು, ಪೇಚ್ಚಿಯಮ್ಮ ಎದ್ದು ಓಡಿಹೋಗುತ್ತಿದ್ದಳು, ಇನ್ನೆಂದೂ ಅತ್ತ ತಲೆ ಹಾಕುತ್ತಿರಲಿಲ್ಲ. ಗಂಟಲಿನವರೆಗೂ ಬಂದಿತ್ತು ಅದು. ವಿಜಿಲಾ ಸೂಜಿ ಹಿಡಿದು ಇಬ್ಬರನ್ನೂ ನೋಡುತ್ತ ನಿಂತಿದ್ದಳು.

"ಏನೂ ಆಗಲ್ಲ," ಅಂದಳು ಇರುಳಾಯಿ.

ಪೇಚ್ಚಿಯಮ್ಮ ಕೂಡಲೇ ನಂಬಿದಳು, ತೋಳು ಚಾಚಿದಳು.